ವ್ಯಾನಿನ ಬಾಗಿಲು, ಬೀಗ, ಬೆಲ್ಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿಯ ಅಂಕಣವನ್ನು ವ್ಯಾನಿನ ಬಾಗಿಲಿನ ಬೀಗಗಳಿಗೂ ಸೀಟ್ ಬೆಲ್ಟ್‌ಗಳಿಗೂ ಮೀಸಲಿಟ್ಟಿದ್ದೇವೆ. ಬಂದ ಪತ್ರಗಳಲ್ಲಿ ಹಲವು ‘ಇದು ಕೆಟ್ಟಿದೆಯೇ?’ ಎಂದು ಕೇಳುತ್ತವೆ. ಓದಿ ನೋಡಿದರೆ, ಅವುಗಳಲ್ಲಿ ಹೆಚ್ಚಿನ ಕಡೆ ಸಾಧನವು ತನಗೆ ಒಪ್ಪಿಸಿದ ಕೆಲಸವನ್ನೇ ಮಾಡುತ್ತಿದೆ; ಅದರ ನಡವಳಿಕೆಯನ್ನು ಒಳಗೆ ಕುಳಿತವರಿಗೆ ಯಾರೂ ತಿಳಿಸಿಲ್ಲ, ಅಷ್ಟೆ. ಕಾರಿನಲ್ಲಿ ಚಾಲಕರು ಕೈ ಚಾಚಿದರೆ ಹಿಂದಿನ ಬಾಗಿಲು ಸಿಗುತ್ತದೆ, ಮೂರು ಸಾಲಿನ ವ್ಯಾನಿನಲ್ಲಿ ಸಿಗುವುದಿಲ್ಲ. ಆದ್ದರಿಂದ ಬೀಗವನ್ನೂ ಬೆಲ್ಟನ್ನೂ ಹಾಕುವ ಕ್ರಮದಷ್ಟೇ ಬಿಡಿಸುವ ಕ್ರಮವೂ ಕೊನೆಯ ಸಾಲಿನವರಿಗೆ ಗೊತ್ತಿರಬೇಕೆಂಬುದು ನಮ್ಮ ನಿಲುವು. ಗುಂಡಿಗಳ ಜಾಗ ಮತ್ತು ಗುರುತು ಒಂದೊಂದು ತಯಾರಿಕೆಯಲ್ಲಿ ಒಂದೊಂದು ರೀತಿ ಇರುವುದರಿಂದ, ಇಲ್ಲಿ ಹೇಳಿದ್ದನ್ನು ನಿಮ್ಮ ವಾಹನದ ಕೈಪಿಡಿಯೊಂದಿಗೆ ಹೋಲಿಸಿಕೊಳ್ಳಿ.

ಪ್ರಶ್ನೆ: ನಮ್ಮ ವ್ಯಾನಿನ ಪಕ್ಕದ ಜಾರುಬಾಗಿಲು ಹೊರಗಿನಿಂದ ಸಲೀಸಾಗಿ ತೆರೆಯುತ್ತದೆ. ಒಳಗಿನಿಂದ ಹಿಡಿಕೆ ಎಳೆದರೆ ಏನೂ ಆಗುವುದಿಲ್ಲ. ಬೀಗವನ್ನೇ ಬದಲಿಸಬೇಕೇ?

ಉತ್ತರ: ಬದಲಿಸುವ ಮುನ್ನ ಚೈಲ್ಡ್ ಲಾಕ್ ನೋಡಿ. ಬಾಗಿಲನ್ನು ತೆರೆದು ಅದರ ಅಂಚನ್ನು, ಅಂದರೆ ಮುಚ್ಚಿದಾಗ ಕಾಣದಿರುವ ಬದಿಯನ್ನು ಪರೀಕ್ಷಿಸಿದರೆ, ಬೆರಳಿನಿಂದ ಸರಿಸಬಹುದಾದ ಚಿಕ್ಕ ಸನ್ನೆಯೋ ಕೀಲಿಯ ತುದಿಯಿಂದ ತಿರುಗಿಸುವ ಸೀಳೋ ಕಾಣಸಿಗುತ್ತದೆ. ಅದು ಬಿಗಿದ ಸ್ಥಿತಿಯಲ್ಲಿದ್ದರೆ ಒಳಗಿನ ಹಿಡಿಕೆಗೂ ಕೊಂಡಿಗೂ ಇರುವ ಸಂಪರ್ಕ ಕಡಿದುಹೋಗುತ್ತದೆ. ಹೊರಗಿನ ಹಿಡಿಕೆ ಎಂದಿನಂತೆ ಕೆಲಸ ಮಾಡುತ್ತದೆ. ಇದು ಸೆಂಟ್ರಲ್ ಲಾಕಿಗಿಂತ ಪೂರ್ತಿ ಬೇರೆಯಾದ ವ್ಯವಸ್ಥೆ. ಹಾಗಾಗಿ ಚಾಲಕರು ಗುಂಡಿ ಒತ್ತಿ ಎಲ್ಲ ಬಾಗಿಲುಗಳ ಬೀಗ ತೆಗೆದರೂ ಚೈಲ್ಡ್ ಲಾಕ್ ಹಾಕಿದ ಬಾಗಿಲು ಒಳಗಿನಿಂದ ತೆರೆಯದು. ಕೆಲವು ಹೊಸ ವ್ಯಾನುಗಳಲ್ಲಿ ಇದೇ ಕೆಲಸಕ್ಕೆ ಚಾಲಕರ ಬಳಿ ವಿದ್ಯುತ್ ಗುಂಡಿ ಇರುತ್ತದೆ.

ಚಿಕ್ಕ ಮಕ್ಕಳು ಕೂರುವ ವ್ಯಾನಿನಲ್ಲಿ ಚೈಲ್ಡ್ ಲಾಕ್ ಬೇಕೇಬೇಕು. ಆದರೆ ಅದೇ ಸಾಲಿನಲ್ಲಿ ಒಬ್ಬ ವಯಸ್ಕರೂ ಕುಳಿತಿದ್ದರೆ, ಈ ಬಾಗಿಲು ಒಳಗಿನಿಂದ ತೆರೆಯುವುದಿಲ್ಲವೆಂದು ಅವರಿಗೆ ಹೊರಡುವ ಮೊದಲೇ ಹೇಳಬೇಕು. ಕಿಟಕಿಯ ಗಾಜು ಇಳಿಯುವಂಥದಾದರೆ, ಅದನ್ನು ಇಳಿಸಿ ಕೈ ಹೊರಚಾಚಿ ಹೊರಗಿನ ಹಿಡಿಕೆಯಿಂದ ತೆರೆಯುವ ದಾರಿ ಉಂಟು. ಅನೇಕ ಜಾರುಬಾಗಿಲುಗಳಲ್ಲಿ ಗಾಜು ಇಳಿಯುವುದೇ ಇಲ್ಲ ಎಂಬುದನ್ನೂ ಗಮನಿಸಿ.

ಸನ್ನೆ ಸಡಿಲಾಗಿದ್ದೂ ಬಾಗಿಲು ತೆರೆಯದಿದ್ದರೆ ಮಾತ್ರ ಒಳಗಿನ ತಂತಿಯೋ ಕೊಂಡಿಯೋ ಸವೆದಿರಬಹುದು. ಅದು ಮೆಕ್ಯಾನಿಕ್ ನೋಡಬೇಕಾದ ಕೆಲಸ. ಅರ್ಧ ತೆರೆದು ನಿಲ್ಲುವ ತೊಂದರೆಯಾದರೆ ಕಾರಣ ಬೇರೆ. ಇಂಧನ ತುಂಬುವ ಬದಿಯಲ್ಲಿಯೇ ಜಾರುಬಾಗಿಲಿರುವ ಕೆಲವು ವ್ಯಾನುಗಳಲ್ಲಿ, ಇಂಧನದ ಮುಚ್ಚಳ ತೆರೆದಿದ್ದರೆ ಬಾಗಿಲು ಪೂರ್ತಿ ಸರಿಯದಂತೆ ತಡೆ ಇಟ್ಟಿರುತ್ತಾರೆ. ಇಳಿಜಾರಿನಲ್ಲಿ ಮುಂಭಾಗ ಕೆಳಗಾಗುವಂತೆ ನಿಲ್ಲಿಸಿದಾಗ ಬಾಗಿಲು ತನ್ನ ಭಾರದಿಂದಲೇ ಮುಂದಕ್ಕೆ ಜಾರಿ ಮುಚ್ಚಿಕೊಳ್ಳಲು ನೋಡುತ್ತದೆ. ಅದನ್ನು ಕೊನೆಯವರೆಗೆ ತಳ್ಳಿ, ತಡೆಕೊಂಡಿಗೆ ಸಿಕ್ಕಿಕೊಂಡ ಸದ್ದು ಕೇಳಿದ ಮೇಲೆಯೇ ಹತ್ತುವವರು ಚೌಕಟ್ಟಿನ ಮೇಲೆ ಕೈ ಇಡಲಿ.

ಪ್ರಶ್ನೆ: ತಂದೆಯವರು ವ್ಯಾನಿನಲ್ಲೇ ಕುಳಿತಿರುತ್ತೇನೆಂದರು. ನಾನು ರಿಮೋಟಿನಿಂದ ಬೀಗ ಹಾಕಿ ಹೋದೆ. ಅವರು ಕದಲಿದಾಗ ಅಲಾರಂ ಕೂಗಿತು, ಯಾವ ಬಾಗಿಲೂ ಒಳಗಿನಿಂದ ತೆರೆಯಲಿಲ್ಲ. ಹೀಗೇಕೆ?

ಉತ್ತರ: ನಿಮ್ಮ ವ್ಯಾನಿನಲ್ಲಿ ಡೆಡ್‌ಲಾಕ್ ಅಥವಾ ಡಬಲ್ ಲಾಕ್ ಎನ್ನುವ ವ್ಯವಸ್ಥೆ ಇರುವಂತಿದೆ. ಕಳ್ಳರು ಗಾಜು ಒಡೆದು ಒಳಗೆ ಕೈ ಹಾಕಿದರೂ ಹಿಡಿಕೆ ಎಳೆದು ಬಾಗಿಲು ತೆಗೆಯಲಾಗದಂತೆ, ಒಳಗಿನ ಹಿಡಿಕೆಗಳನ್ನೂ ಬೀಗದ ಗುಂಡಿಗಳನ್ನೂ ನಿಷ್ಕ್ರಿಯಗೊಳಿಸುವುದು ಅದರ ಉದ್ದೇಶ. ಒಳಗಿರುವವರು ಮನೆಯವರೋ ಕಳ್ಳರೋ ಎಂದು ಅದು ಕೇಳುವುದಿಲ್ಲ. ಕೆಲವು ವಾಹನಗಳಲ್ಲಿ ರಿಮೋಟಿನ ಗುಂಡಿಯನ್ನು ಬೆನ್ನುಬೆನ್ನಿಗೆ ಎರಡು ಸಲ ಒತ್ತಿದರೆ ಇದು ಜಾರಿಯಾಗುತ್ತದೆ, ಕೆಲವದರಲ್ಲಿ ಒಂದೇ ಸಲಕ್ಕೆ ಆಗುತ್ತದೆ. ಅಲಾರಂ ಕೂಗಿದ್ದಕ್ಕೆ ಕಾರಣ ಒಳಗಿನ ಚಲನೆಯನ್ನು ಗುರುತಿಸುವ ಸಂವೇದಕ.

ಒಳಗೆ ಯಾರೇ ಇದ್ದರೂ, ಎರಡೇ ನಿಮಿಷಕ್ಕಾದರೂ, ಹೊರಗಿನಿಂದ ಡಬಲ್ ಲಾಕ್ ಹಾಕಕೂಡದು. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ವಾಹನದೊಳಗಿನ ಉಷ್ಣಾಂಶ ಹತ್ತು ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಕಿಟಕಿಯನ್ನು ಒಂದಿಷ್ಟು ಇಳಿಸಿಟ್ಟರೂ ಈ ಏರಿಕೆ ಹೆಚ್ಚು ತಗ್ಗುವುದಿಲ್ಲ. ಮಕ್ಕಳ ದೇಹ ವಯಸ್ಕರ ದೇಹಕ್ಕಿಂತ ಬೇಗ ಕಾಯುತ್ತದೆ, ವಯಸ್ಸಾದವರಿಗೂ ಸೆಕೆ ತಡೆಯುವ ಶಕ್ತಿ ಕಡಿಮೆ. ಮಕ್ಕಳನ್ನಂತೂ ಒಳಗೆ ಒಂಟಿಯಾಗಿ ಬಿಡಲೇಬಾರದು. ಹಿರಿಯರು ಕುಳಿತಿರಲು ಬಯಸಿದರೆ ಕೀಲಿ ಅವರ ಕೈಯಲ್ಲಿರಲಿ, ಬೀಗವನ್ನು ಅವರೇ ಒಳಗಿನ ಗುಂಡಿಯಿಂದ ಹಾಕಿಕೊಳ್ಳಲಿ. ಹಾಗೆ ಒಳಗಿನಿಂದ ಹಾಕಿದ ಬೀಗವನ್ನು ಒಳಗಿನಿಂದಲೇ ತೆಗೆಯಬಹುದು.

ಪ್ರಶ್ನೆ: ಓಡುವಾಗ ಬಾಗಿಲಿಗೆ ಬೀಗ ಹಾಕಿದ್ದರೆ ಅಪಘಾತವಾದಾಗ ಹೊರಗಿನವರು ನಮ್ಮನ್ನು ಎಳೆದುಕೊಳ್ಳಲು ಆಗುವುದಿಲ್ಲವಲ್ಲ? ಆದ್ದರಿಂದ ನಾನು ಬೀಗ ಹಾಕುವುದೇ ಇಲ್ಲ. ಇದು ಸರಿಯೇ?

ಉತ್ತರ: ನಿಮ್ಮ ಆತಂಕಕ್ಕೆ ಅರ್ಥವಿದೆ, ತೀರ್ಮಾನ ಮಾತ್ರ ಸರಿಯಿಲ್ಲ. ವಾಹನ ಉರುಳಿದಾಗ ಅಥವಾ ಪಕ್ಕದಿಂದ ಏಟು ಬಿದ್ದಾಗ ಬಾಗಿಲು ಬಿಚ್ಚಿಕೊಂಡರೆ ಒಳಗಿನವರು ಹೊರಗೆ ಎಸೆಯಲ್ಪಡುತ್ತಾರೆ, ಹಾಗೆ ಎಸೆಯಲ್ಪಟ್ಟವರಿಗೆ ಸಾವಿನ ಅಪಾಯ ಬಹಳ ಹೆಚ್ಚು. ಬಾಗಿಲನ್ನು ನಿಜವಾಗಿ ಹಿಡಿದಿಡುವುದು ಕೊಂಡಿ. ಯಾರದೋ ಮೊಣಕೈಯೋ ಮಗುವಿನ ಕೈಯೋ ತಾಗಿ ಹಿಡಿಕೆ ಆ ಕೊಂಡಿಯನ್ನು ಬಿಡಿಸದಂತೆ ನೋಡಿಕೊಳ್ಳುವುದು ಬೀಗ. ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ಜಾಗತಿಕ ವಾಹನ ತಾಂತ್ರಿಕ ನಿಯಮಗಳ ಸರಣಿಯಲ್ಲಿ 2004ರಲ್ಲಿ ಬಂದ ಮೊದಲನೆಯದೇ ಬಾಗಿಲಿನ ಬೀಗ ಮತ್ತು ಕೊಂಡಿಗಳ ಕುರಿತದ್ದು. ಅದರ ಒಂದು ಪರೀಕ್ಷೆಯಲ್ಲಿ, ಪೂರ್ತಿ ಕೂತ ಕೊಂಡಿ 11,000 ನ್ಯೂಟನ್, ಅಂದರೆ ಸುಮಾರು ಒಂದು ಟನ್ನಿಗಿಂತ ಹೆಚ್ಚು ಭಾರದ ಎಳೆತವನ್ನು ತಾಳಬೇಕು. ಅರ್ಧ ಮಾತ್ರ ಕೂತ ಕೊಂಡಿಗೆ ನಿಗದಿಯಾದದ್ದು 4,500 ನ್ಯೂಟನ್. ‘ಬಾಗಿಲು ಸರಿಯಾಗಿ ಮುಚ್ಚಿಲ್ಲ’ ಎಂಬ ದೀಪ ಉರಿಯುತ್ತಿದ್ದರೂ ಬಾಗಿಲು ಹೇಗೋ ನಿಂತಿದೆಯಲ್ಲ ಎಂದು ಹೊರಡುವವರು ಈ ಎರಡು ಅಂಕಿಗಳ ನಡುವಿನ ಅಂತರವನ್ನು ನೋಡಬೇಕು.

ಇನ್ನು ಹೊರಬರುವ ವಿಚಾರ. ಏರ್‌ಬ್ಯಾಗ್ ಇರುವ ಅನೇಕ ವಾಹನಗಳಲ್ಲಿ ಗಂಭೀರ ಅಪಘಾತವಾದೊಡನೆ ಬೀಗಗಳು ತಾವಾಗಿಯೇ ತೆಗೆದುಕೊಳ್ಳುವ ಏರ್ಪಾಡಿದೆ. ಆದರೆ ಅದಕ್ಕೆ ವಿದ್ಯುತ್ ಬೇಕು, ಬ್ಯಾಟರಿಯೋ ತಂತಿಯೋ ಜಖಂಗೊಂಡಿದ್ದರೆ ಅದು ಕೆಲಸ ಮಾಡದಿರಬಹುದು. ಮುಂದಿನ ಬಾಗಿಲುಗಳನ್ನು ಬೀಗ ಹಾಕಿದ್ದಾಗಲೂ ಒಳಹಿಡಿಕೆಯನ್ನು ಒಮ್ಮೆಯೋ ಎರಡು ಸಲವೋ ಎಳೆದು ತೆರೆಯುವಂತೆ ಎಷ್ಟೋ ತಯಾರಕರು ಮಾಡಿರುತ್ತಾರೆ. ಹಿಂದಿನ ಬಾಗಿಲುಗಳಿಗೆ ಈ ಸೌಲಭ್ಯ ಇರುವುದು ಕಡಿಮೆ. ನಿಮ್ಮ ವಾಹನದಲ್ಲಿ ಯಾವುದು ಹೇಗೆ ಎಂಬುದನ್ನು ವಾಹನ ನಿಂತಿರುವಾಗ ಒಂದೊಂದು ಬಾಗಿಲಿನ ಬಳಿ ಕುಳಿತು ಪರೀಕ್ಷಿಸಿ. ವಿದ್ಯುತ್ ಇಲ್ಲದಾಗ ಕೈಯಿಂದ ತೆಗೆಯುವ ಗುಂಡಿ ಎಲ್ಲಿದೆ, ಹಿಂಬದಿಯ ಬಾಗಿಲಿಗೆ ಒಳಗಿನಿಂದ ತೆರೆಯುವ ಸನ್ನೆ ಇದೆಯೇ ಎಂಬುದನ್ನೂ ನೋಡಿಡಿ.

ಗಾಜು ಒಡೆಯಬೇಕಾಗಿ ಬಂದರೆ ಮುಂಗಾಜನ್ನು ಆಯ್ದುಕೊಳ್ಳಬೇಡಿ. ಅದು ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪೊರೆ ಇರುವ ಲ್ಯಾಮಿನೇಟೆಡ್ ಗಾಜಾದ್ದರಿಂದ ಬಿರುಕು ಬಿಡುತ್ತದೆಯೇ ಹೊರತು ದಾರಿ ಬಿಡುವುದಿಲ್ಲ. ಪಕ್ಕದ ಗಾಜು ಸಾಮಾನ್ಯವಾಗಿ ಹದಗೊಳಿಸಿದ ಗಾಜಾಗಿದ್ದು, ಮೂಲೆಯ ಬಳಿ ಚೂಪಾದ ಸುತ್ತಿಗೆಯಿಂದ ಹೊಡೆದರೆ ಸಣ್ಣ ತುಣುಕುಗಳಾಗಿ ಉದುರುತ್ತದೆ. ಇತ್ತೀಚಿನ ಕೆಲವು ವಾಹನಗಳಲ್ಲಿ ಪಕ್ಕದ ಗಾಜೂ ಲ್ಯಾಮಿನೇಟೆಡ್ ಆಗಿರುವುದರಿಂದ, ಗಾಜಿನ ಮೂಲೆಯ ಮುದ್ರೆಯನ್ನು ಮೊದಲೇ ಓದಿಕೊಳ್ಳಿ. ಸುತ್ತಿಗೆಯನ್ನು ಕುಳಿತಲ್ಲಿಂದ ಕೈಗೆಟುಕುವಂತೆ ಬಿಗಿದಿಡಬೇಕು. ಡಿಕ್ಕಿಯಲ್ಲಿ ಇಟ್ಟ ಸುತ್ತಿಗೆ ಯಾರ ಕೈಗೂ ಸಿಗುವುದಿಲ್ಲ.

ಪ್ರಶ್ನೆ: ರಿಮೋಟ್ ಆಗಾಗ ಕೈಕೊಡುತ್ತದೆ. ವ್ಯಾನಿನ ಬ್ಯಾಟರಿಯೂ ಸತ್ತರೆ ಒಳಹೋಗುವುದು ಹೇಗೆ?

ಉತ್ತರ: ಮೊದಲು ರಿಮೋಟಿನೊಳಗಿನ ಬಿಲ್ಲೆ ಬ್ಯಾಟರಿ ಬದಲಿಸಿ ನೋಡಿ. ಹೆಚ್ಚಿನ ರಿಮೋಟುಗಳ ಹೊಟ್ಟೆಯಲ್ಲಿ ಒಂದು ಲೋಹದ ಕೀಲಿ ಅಡಗಿರುತ್ತದೆ; ಚಾಲಕರ ಬಾಗಿಲಿನಲ್ಲಿ, ಕೆಲವೊಮ್ಮೆ ಹಿಡಿಕೆಯ ಮುಚ್ಚಳದ ಹಿಂದೆ, ಅದಕ್ಕೆ ತೂತು ಇರುತ್ತದೆ. ಆ ತೂತನ್ನು ಬಳಸದೆ ಬಿಟ್ಟರೆ ಧೂಳು ಕಟ್ಟಿ ಬಿಗಿಯಾಗುತ್ತದೆ, ಆದ್ದರಿಂದ ಎಲ್ಲ ಸರಿಯಿರುವಾಗಲೂ ಆಗೊಮ್ಮೆ ಈಗೊಮ್ಮೆ ಕೀಲಿ ಹಾಕಿ ತಿರುಗಿಸುತ್ತಿರಿ.

ಪ್ರಶ್ನೆ: ಬೆಲ್ಟ್ ಎಳೆಯುವಾಗ ಒಮ್ಮೊಮ್ಮೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಏರು ರಸ್ತೆಯಲ್ಲಿ ನಿಲ್ಲಿಸಿದಾಗಲಂತೂ ಬರುವುದೇ ಇಲ್ಲ. ಓಡುವಾಗ ಮಾತ್ರ ಸಡಿಲವಾಗಿ ಬೇಕಾದ ಹಾಗೆ ಬರುತ್ತದೆ. ಇಂಥ ಬೆಲ್ಟನ್ನು ನಂಬಬಹುದೇ?

ಉತ್ತರ: ನಂಬಬಹುದು, ನೀವು ವಿವರಿಸಿದ್ದು ಆರೋಗ್ಯವಂತ ಬೆಲ್ಟಿನ ಲಕ್ಷಣ. ಸೊಂಟಕ್ಕೂ ಎದೆಗೂ ಒಟ್ಟಿಗೆ ಹಾಯುವ ಇಂದಿನ ಮೂರು ಬಿಂದುಗಳ ಬೆಲ್ಟನ್ನು ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು, 1959ರಲ್ಲಿ ಅದು ಕಾರುಗಳಿಗೆ ಬಂತು. ಕಂಪನಿಯು ಆ ಪೇಟೆಂಟನ್ನು ಉಳಿದ ತಯಾರಕರೂ ಬಳಸಿಕೊಳ್ಳಲು ಮುಕ್ತವಾಗಿ ಬಿಟ್ಟಿತು. ಬೆಲ್ಟ್ ಸುತ್ತಿಕೊಳ್ಳುವ ಉರುಳೆ ಬಂದದ್ದು ಆಮೇಲೆ. ಈ ಉರುಳೆಯನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆಗಳು ಎರಡು. ಒಂದು, ವಾಹನದ ವೇಗ ಥಟ್ಟನೆ ಬದಲಾದಾಗ ಅಥವಾ ವಾಹನ ವಾಲಿದಾಗ ಸ್ಥಾನ ಕದಲಿ ಉರುಳೆಯ ಹಲ್ಲಿಗೆ ತಡೆಯೊಡ್ಡುವ ಚಿಕ್ಕ ಗುಂಡು ಅಥವಾ ಲೋಲಕ. ಇನ್ನೊಂದು, ಬೆಲ್ಟನ್ನು ಜಗ್ಗಿ ಎಳೆದಾಗ ಉರುಳೆ ವೇಗವಾಗಿ ತಿರುಗಿ ಸಿಡಿದೇಳುವ ತಡೆ. ನಿಲ್ಲಿಸಿದ ಜಾಗ ಕಡಿದಾದ ಏರಾಗಿದ್ದರೆ ಮೊದಲನೆಯದು ವಾಲಿಕೆಯನ್ನೇ ಅಪಾಯವೆಂದು ಬಗೆಯುತ್ತದೆ; ಅವಸರದಲ್ಲಿ ಎಳೆದರೆ ಎರಡನೆಯದು ಎದ್ದೇಳುತ್ತದೆ. ಬೆಲ್ಟನ್ನು ತುಸು ಹಿಂದಕ್ಕೆ ಬಿಟ್ಟು, ನಿಧಾನವಾಗಿ ಒಂದೇ ಸಮನೆ ಎಳೆಯಿರಿ. ಕಡಿದಾದ ಏರಿನಲ್ಲಿ ಹೀಗೂ ಬಾರದಿದ್ದರೆ, ಸಮತಟ್ಟಾದ ಜಾಗದಲ್ಲಿ ಬೆಲ್ಟ್ ಹಾಕಿಕೊಂಡು ಹೊರಡುವಂತೆ ವಾಹನ ನಿಲ್ಲಿಸುವುದೇ ಸರಿಯಾದ ದಾರಿ.

ಓಡುವಾಗ ಸಡಿಲವಾಗಿರುವುದು ನಿಮ್ಮ ಅನುಕೂಲಕ್ಕೆ. ಅಪಘಾತದ ಕ್ಷಣದಲ್ಲಿ, ಪ್ರಿಟೆನ್ಷನರ್ ಇರುವ ಬೆಲ್ಟಾದರೆ, ಚಿಕ್ಕ ಸಿಡಿಮದ್ದಿನ ಬಲದಿಂದ ಅದು ಕೆಲವೇ ಮಿಲಿಸೆಕೆಂಡುಗಳಲ್ಲಿ ಸಡಿಲನ್ನು ಒಳಗೆಳೆದುಕೊಳ್ಳುತ್ತದೆ. ಆದರೆ ದಪ್ಪ ಉಣ್ಣೆಯಂಗಿಯ ಮೇಲೆ ಹಾಕಿದ ಬೆಲ್ಟಿನ ಸಡಿಲೆಲ್ಲವೂ ಹೀಗೆ ತುಂಬಿಬರುತ್ತದೆಂದು ಎಣಿಸಬಾರದು. ಇನ್ನೊಂದು ಸಂಗತಿಯೂ ಗೊತ್ತಿರಲಿ. ಕೆಲವು ವಾಹನಗಳ ಹಿಂದಿನ ಬೆಲ್ಟುಗಳನ್ನು ಪೂರ್ತಿ ಹೊರಗೆಳೆದುಬಿಟ್ಟರೆ, ಅವು ಟಿಕ್ ಟಿಕ್ ಸದ್ದಿನೊಂದಿಗೆ ಒಳಗೆ ಮಾತ್ರ ಹೋಗುತ್ತವೆ, ಹೊರಗೆ ಬರುವುದಿಲ್ಲ. ಮಕ್ಕಳ ಸೀಟನ್ನು ಬಿಗಿಯಲು ಇಟ್ಟ ಏರ್ಪಾಡು ಅದು. ಆಟವಾಡುತ್ತ ಹಾಗೆ ಎಳೆದ ಮಗುವಿನ ಕುತ್ತಿಗೆಗೆ ಬೆಲ್ಟ್ ಸುತ್ತಿಕೊಂಡರೆ ಅದು ಬಿಗಿಯುತ್ತಲೇ ಹೋಗುತ್ತದೆ. ಯಾರೂ ಕೂರದ ಸೀಟಿನ ಬೆಲ್ಟೂ ಮಕ್ಕಳ ಆಟಿಕೆಯಾಗಬಾರದು ಎನ್ನುವುದು ಇದಕ್ಕಾಗಿ. ಬಕಲ್ ಬಿಚ್ಚಿ ಬೆಲ್ಟ್ ಪೂರ್ತಿ ಒಳಸೇರಲು ಬಿಟ್ಟರೆ ಉರುಳೆ ಮತ್ತೆ ಮೊದಲಿನಂತಾಗುತ್ತದೆ.

ಪ್ರಶ್ನೆ: ನಾನು ಏಳು ತಿಂಗಳ ಗರ್ಭಿಣಿ. ಬೆಲ್ಟ್ ಹೊಟ್ಟೆಗೆ ಒತ್ತುತ್ತದೆಂದು ಮನೆಯವರು ಹಾಕಬೇಡ ಎನ್ನುತ್ತಾರೆ. ಹಿಂದಿನ ಸೀಟಿನಲ್ಲಿ ಕುಳಿತರೆ ಬೆಲ್ಟ್ ಬೇಡವಲ್ಲವೇ?

ಉತ್ತರ: ಎರಡೂ ಕಡೆ ಬೇಕು. ತಾಯಿಯನ್ನು ಉಳಿಸುವುದೇ ಮಗುವನ್ನು ಉಳಿಸುವ ದಾರಿ. ಸೊಂಟದ ಪಟ್ಟಿ ಹೊಟ್ಟೆಯ ಉಬ್ಬಿನ ಕೆಳಗೆ, ತೊಡೆಗಳ ಮೇಲ್ಭಾಗಕ್ಕೆ ತಾಗಿ, ಸೊಂಟದ ಎಲುಬಿನ ಮೇಲೆ ಕೂರಬೇಕು. ಭುಜದ ಪಟ್ಟಿ ಕೊರಳೆಲುಬಿನ ನಡುಭಾಗ ದಾಟಿ, ಎದೆಗಳ ನಡುವೆ ಇಳಿದು, ಹೊಟ್ಟೆಯ ಪಕ್ಕದಿಂದ ಹಾಯಬೇಕು. ಹೊಟ್ಟೆಯ ಮೇಲೆ ಅಡ್ಡವಾಗಿ ಹಾಕಿದ ಪಟ್ಟಿಯೇ ಹಾನಿ ಮಾಡುವಂಥದ್ದು. ನೀವೇ ವ್ಯಾನ್ ಓಡಿಸುವುದಾದರೆ, ಎದೆಗೂ ಸ್ಟೀರಿಂಗಿನ ನಡುವಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಇರುವಂತೆ ಸೀಟನ್ನು ಹಿಂದೆ ಸರಿಸಿ.

ಹಿಂದಿನ ಸೀಟಿನವರು ಬೆಲ್ಟ್ ಹಾಕದಿದ್ದರೆ ಅಪಘಾತದಲ್ಲಿ ಮುಂದಿನ ಸೀಟಿನವರ ಬೆನ್ನಿಗೆ ಅಪ್ಪಳಿಸುತ್ತಾರೆ. ಬೆಲ್ಟ್ ಹಾಕಿಕೊಂಡೂ ಮುಂದಿನವರು ಅದರಿಂದ ಪ್ರಾಣ ಕಳೆದುಕೊಳ್ಳಬಹುದು. ಸೀಟನ್ನು ಹಿಂದಕ್ಕೆ ಮಲಗಿಸಿ ನಿದ್ರಿಸುವವರಿಗೂ ಒಂದು ಎಚ್ಚರಿಕೆ: ಆ ಭಂಗಿಯಲ್ಲಿ ಭುಜದ ಪಟ್ಟಿ ಮೈಗೆ ತಾಗಿರುವುದೇ ಇಲ್ಲ, ಏಟು ಬಿದ್ದಾಗ ದೇಹ ಸೊಂಟದ ಪಟ್ಟಿಯ ಕೆಳಗೆ ನುಸುಳುತ್ತದೆ.

ಪ್ರಶ್ನೆ: ಒಂದು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಇಬ್ಬರಿಗೂ ಸೇರಿಸಿ ಬೆಲ್ಟ್ ಹಾಕುವುದು ಉತ್ತಮವೇ, ಮಗುವನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುವುದು ಉತ್ತಮವೇ?

ಉತ್ತರ: ಎರಡೂ ಅಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆಂದುಕೊಳ್ಳಿ. ಹತ್ತು ಕಿಲೋ ತೂಕದ ಮಗುವನ್ನು ಹಿಡಿದಿಡಲು ಆಗ ಸುಮಾರು 140 ಕಿಲೋ ಭಾರವನ್ನು ಹಿಡಿಯುವಷ್ಟು ಬಲ ಬೇಕಾಗುತ್ತದೆ. ಎಂಥ ಬಲಶಾಲಿಯ ಕೈಯಿಂದಲೂ ಮಗು ಹಾರಿಹೋಗುತ್ತದೆ. ಒಂದೇ ಬೆಲ್ಟಿನಲ್ಲಿ ಇಬ್ಬರಿದ್ದರೆ ದೊಡ್ಡವರ ಭಾರವೆಲ್ಲ ಮಗುವಿನ ಮೇಲೆ ಬಿದ್ದು, ಬೆಲ್ಟಿಗೂ ದೊಡ್ಡವರ ದೇಹಕ್ಕೂ ನಡುವೆ ಅದು ನಜ್ಜಾಗುತ್ತದೆ. ಒಬ್ಬರಿಗೆ ಒಂದು ಬೆಲ್ಟ್ ಎನ್ನುವ ನಿಯಮಕ್ಕೆ ಮಕ್ಕಳ ವಿಷಯದಲ್ಲೂ ವಿನಾಯಿತಿಯಿಲ್ಲ. ಸೀಟುಗಳಿಗಿಂತ ಹೆಚ್ಚು ಮಕ್ಕಳನ್ನು ತುಂಬಿದ ವ್ಯಾನಿನಲ್ಲಿ ಈ ನಿಯಮವನ್ನು ಪಾಲಿಸಲು ಸಾಧ್ಯವೇ ಇಲ್ಲವಾದ್ದರಿಂದ, ಅಂಥ ವ್ಯಾನಿಗೆ ಮಕ್ಕಳನ್ನು ಹತ್ತಿಸಬಾರದು.

ಈ ವಯಸ್ಸಿಗೆ ಬೇಕಾದದ್ದು ಹಿಂಮುಖವಾಗಿ ಕೂರಿಸುವ ಮಕ್ಕಳ ಸೀಟು. ಶಿಶುವಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಕುತ್ತಿಗೆ ಎಳೆಯದು; ಹಿಂಮುಖವಾಗಿದ್ದರೆ ಏಟಿನ ಬಲ ಬೆನ್ನು, ಕುತ್ತಿಗೆ, ತಲೆಗಳಿಗೆಲ್ಲ ಹರಡಿ ಬೀಳುತ್ತದೆ. ವಿಶ್ವಸಂಸ್ಥೆಯ 129ನೇ ನಿಯಮದ ಪ್ರಕಾರ ತಯಾರಾದ ಸೀಟುಗಳಲ್ಲಿ 15 ತಿಂಗಳವರೆಗೆ ಹಿಂಮುಖವಾಗಿಯೇ ಕೂರಿಸಬೇಕು. ಸೀಟಿಗೆ ಹೊಂದುವವರೆಗೆ ಮುಂದುವರಿಸಿದಷ್ಟೂ ಒಳ್ಳೆಯದು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಇದನ್ನು ಎಂದಿಗೂ ಇಡಬೇಡಿ. ಉಬ್ಬಿ ಬರುವ ಚೀಲ ಮಗುವಿನ ತಲೆಯ ಹಿಂದಿರುವ ಸೀಟಿಗೇ ಬಡಿಯುತ್ತದೆ.

ಸೀಟಿನ ಬೆನ್ನಿಗೂ ಕೂರುವ ಭಾಗಕ್ಕೂ ನಡುವೆ 28 ಸೆಂಟಿಮೀಟರ್ ಅಂತರದಲ್ಲಿ ಎರಡು ಉಕ್ಕಿನ ಬಳೆಗಳಿದ್ದರೆ ಅದು ಮಕ್ಕಳ ಸೀಟನ್ನು ನೇರವಾಗಿ ಸಿಕ್ಕಿಸಲು ಇರುವ ಐಸೋಫಿಕ್ಸ್ ಕೊಕ್ಕೆ. ವ್ಯಾನಿನ ಎಲ್ಲ ಸಾಲುಗಳಲ್ಲೂ ಅದಿರುವುದಿಲ್ಲ, ಆದ್ದರಿಂದ ಮಕ್ಕಳ ಸೀಟು ಕೊಳ್ಳುವ ಮುನ್ನ ಯಾವ ಸಾಲಿನಲ್ಲಿದೆ ಎಂದು ನೋಡಿ. ಬೆಳೆದ ಮಗು ಸುಮಾರು 145 ಸೆಂಟಿಮೀಟರ್ ಎತ್ತರವಾಗಿ, ಬೆನ್ನು ಸೀಟಿಗೆ ತಾಗಿಸಿ ಕುಳಿತು ಮಂಡಿ ಮಡಿಸಬಲ್ಲದಾಗುವವರೆಗೆ ಬೂಸ್ಟರ್ ಸೀಟು, ಅಂದರೆ ಬೆಲ್ಟ್ ಸರಿಯಾದ ಜಾಗದಲ್ಲಿ ಹಾಯುವಂತೆ ಮಗುವನ್ನು ಎತ್ತರಿಸಿ ಕೂರಿಸುವ ಸೀಟು, ಬಿಡಿಸಬೇಡಿ. ಇಲ್ಲದಿದ್ದರೆ ಭುಜದ ಪಟ್ಟಿ ಕುತ್ತಿಗೆಗೆ ತಾಗುತ್ತದೆ, ಮಗು ಅದನ್ನು ಕಂಕುಳಿನ ಕೆಳಗೆ ಸರಿಸಿಕೊಳ್ಳುತ್ತದೆ. ಅಲ್ಲಿಗೆ ಬೆಲ್ಟ್ ಹಾಕಿದ ಪ್ರಯೋಜನ ಮುಗಿಯಿತು.

ಪ್ರಶ್ನೆ: ಗಾಲಿಕುರ್ಚಿ ಬಳಸುವ ತಾಯಿಯವರನ್ನು ಕುರ್ಚಿಯ ಸಮೇತ ವ್ಯಾನಿಗೆ ಹತ್ತಿಸಿ, ಕುರ್ಚಿಯ ಬ್ರೇಕ್ ಹಾಕಿ, ಅದರದೇ ಬೆಲ್ಟ್ ಕಟ್ಟುತ್ತೇವೆ. ಸಾಕೇ?

ಉತ್ತರ: ಸಾಲದು. ಕುರ್ಚಿಯ ಬ್ರೇಕು ಸಮತಟ್ಟಾದ ನೆಲದಲ್ಲಿ ಅದು ಉರುಳದಿರಲೆಂದು ಇರುವುದು. ಕುರ್ಚಿಯ ಬೆಲ್ಟು ಕೂತ ಭಂಗಿ ಸರಿಯಾಗಿರಲೆಂದು. ಡಿಕ್ಕಿಯ ಬಲ ತಾಳಲು ಇವೆರಡನ್ನೂ ಮಾಡಿರುವುದಿಲ್ಲ. ತಾಯಿಯವರನ್ನು ವ್ಯಾನಿನ ಸೀಟಿಗೆ ಎತ್ತಿ ಕೂರಿಸಲು ಆಗುವುದಾದರೆ ಅದೇ ಮೊದಲ ಆಯ್ಕೆ. ಆಗ ಖಾಲಿ ಕುರ್ಚಿಯನ್ನೂ ಬಿಗಿದು ಕಟ್ಟಿ. ಆಗದಿದ್ದರೆ ಕುರ್ಚಿ ಮುಂಮುಖವಾಗಿ ನಿಲ್ಲಬೇಕು, ಅಡ್ಡಲಾಗಿ ನಿಲ್ಲಿಸಬಾರದು. ನೆಲದ ಕಂಬಿಗೆ ಕೊಂಡಿಯಾದ ನಾಲ್ಕು ಪಟ್ಟಿಗಳಿಂದ, ಮುಂದೆ ಎರಡು ಹಿಂದೆ ಎರಡು, ಕುರ್ಚಿಯ ಚೌಕಟ್ಟನ್ನು ಬಿಗಿಯಬೇಕು. ಚಕ್ರಕ್ಕೋ ಕೈತೋಳಿಗೋ ಕಾಲಿಡುವ ಹಲಗೆಗೋ ಕೊಕ್ಕೆ ಹಾಕಿದರೆ ಅವು ಕಳಚಿಬರುತ್ತವೆ. ಇದಾದ ಮೇಲೆ ತಾಯಿಯವರಿಗೆ ಪ್ರತ್ಯೇಕವಾಗಿ ಸೊಂಟ ಮತ್ತು ಭುಜದ ಬೆಲ್ಟ್ ಹಾಕಬೇಕು. ಆ ಬೆಲ್ಟ್ ಕುರ್ಚಿಯ ಕೈತೋಳಿನ ಮೇಲಿನಿಂದ ಹಾದರೆ ಮೈಗೆ ತಾಗದೆ ಸಡಿಲ ಉಳಿಯುತ್ತದೆ. ಕೈತೋಳಿನ ಒಳಬದಿಯಿಂದ ತಂದು ಸೊಂಟದ ಎಲುಬಿನ ಮೇಲೆ ಕೂರಿಸಿ.

ಈ ಪಟ್ಟಿಗಳಿಗೆ ಐಎಸ್ಒ 10542 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ವಾಹನದಲ್ಲಿ ಸೀಟಿನಂತೆ ಬಳಸಬಹುದಾದ ಗಾಲಿಕುರ್ಚಿಗೆ ಐಎಸ್ಒ 7176ರ 19ನೇ ಭಾಗವಿದೆ. ಕೊಳ್ಳುವಾಗ ಈ ಸಂಖ್ಯೆಗಳನ್ನು ಕೇಳಿ. ಬ್ಯಾಟರಿಯ ಕುರ್ಚಿಯಾದರೆ ಅದರ ಸ್ವಿಚ್ ಆರಿಸಿಡಿ. ಈ ನಾಲ್ಕು ಪಟ್ಟಿಗಳ ಕೊಂಡಿಗಳನ್ನೂ ಬೆಲ್ಟಿನ ಬಕಲನ್ನೂ ಬಿಚ್ಚುವುದು ತಾಯಿಯವರ ಕೈಯಲ್ಲಿಲ್ಲ. ಜೊತೆಗೆ ಕೂರುವವರು ಅದನ್ನು ಕತ್ತಲಲ್ಲೂ ಮಾಡಬಲ್ಲಷ್ಟು ರೂಢಿ ಮಾಡಿಕೊಳ್ಳಬೇಕು, ಬೆಲ್ಟ್ ಕತ್ತರಿಸುವ ಸಾಧನವೊಂದು ಅವರ ಕೈಯಳತೆಯಲ್ಲಿರಬೇಕು.

ಪ್ರಶ್ನೆ: ಬೆಲ್ಟ್ ಹಾಕದಿದ್ದರೆ ಬರುವ ಬೀಪ್ ಸದ್ದು ನಿಲ್ಲಿಸಲು ಬಕಲಿಗೆ ಸಿಕ್ಕಿಸುವ ಕ್ಲಿಪ್ ಬಳಸಬಹುದೇ? ಏರ್‌ಬ್ಯಾಗ್ ಇದೆಯಲ್ಲ?

ಉತ್ತರ: ಬಳಸಬೇಡಿ. ಏರ್‌ಬ್ಯಾಗನ್ನು ಬೆಲ್ಟಿಗೆ ಪೂರಕವಾಗಿ ರೂಪಿಸಲಾಗಿದೆ. ಬೆಲ್ಟ್ ಇಲ್ಲದ ದೇಹ ಬ್ರೇಕ್ ಹಾಕಿದಾಗಲೇ ಮುಂದಕ್ಕೆ ಜಾರಿ, ಚೀಲ ಉಬ್ಬುವ ಹೊತ್ತಿಗೆ ಅದಕ್ಕೆ ತೀರ ಹತ್ತಿರವಾಗಿರುತ್ತದೆ.

ಪ್ರಶ್ನೆ: ಹಳೆಯ ವ್ಯಾನ್ ಕೊಂಡಿದ್ದೇವೆ. ಬೆಲ್ಟುಗಳು ಕೊಳೆಯಾಗಿ ನಿಧಾನವಾಗಿ ಒಳಹೋಗುತ್ತವೆ. ಎಣ್ಣೆ ಬಿಡಬಹುದೇ?

ಉತ್ತರ: ಉರುಳೆಗೂ ಬಕಲಿಗೂ ಎಣ್ಣೆ ಬಿಡಬಾರದು, ಅದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಲ್ಟನ್ನು ಪೂರ್ತಿ ಹೊರಗೆಳೆದು, ಸೌಮ್ಯ ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿದ ಮೇಲೆಯೇ ಒಳಗೆ ಬಿಡಿ. ಬ್ಲೀಚ್ ಮತ್ತು ಬಣ್ಣ ನೂಲನ್ನು ದುರ್ಬಲಗೊಳಿಸುತ್ತವೆ. ಅಂಚು ನೂಲು ಬಿಟ್ಟಿದ್ದರೆ, ಎಲ್ಲಾದರೂ ಕೊಯ್ದಿದ್ದರೆ, ಬಕಲ್ ಒಂದೇ ಒತ್ತಿಗೆ ಬಿಚ್ಚದಿದ್ದರೆ ಹೊಲಿಗೆ, ರಿಪೇರಿ ಎನ್ನದೆ ಬೆಲ್ಟಿನ ಇಡೀ ಜೋಡಣೆಯನ್ನು ಬದಲಿಸಿ. ಹಿಂದಿನ ಮಾಲೀಕರ ಕಾಲದಲ್ಲಿ ದೊಡ್ಡ ಅಪಘಾತವಾಗಿತ್ತೆಂದು ತಿಳಿದುಬಂದರೆ, ಆಗ ಬಳಕೆಯಲ್ಲಿದ್ದ ಬೆಲ್ಟುಗಳು ನೋಡಲು ಚೆನ್ನಾಗಿದ್ದರೂ ಹಿಗ್ಗಿರಬಹುದು. ಒಮ್ಮೆ ಸಿಡಿದ ಪ್ರಿಟೆನ್ಷನರ್ ಮತ್ತೆ ಕೆಲಸಕ್ಕೆ ಬಾರದು. ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ದೀಪವು ಕೀಲಿ ತಿರುಗಿಸಿದಾಗ ಕೆಲವು ಸೆಕೆಂಡು ಉರಿದು ಆರಬೇಕು. ಉರಿಯುತ್ತಲೇ ಇದ್ದರೂ, ಉರಿಯದೇ ಹೋದರೂ ಪರಿಣತ ಮೆಕ್ಯಾನಿಕ್ ಬಳಿ ತೋರಿಸಿ, ಆ ತಂತಿಗಳಿಗೆ ನೀವಾಗಿ ಕೈ ಹಾಕಬೇಡಿ.